ನೋವುಂಡವನು ನ್ಯಾಯಪೀಠಕ್ಕೆ ಏರಿದಾಗ

ನವಲಗುಂದ, ಅಣ್ಣಿಗೇರಿ ಕಡೆಯ ನಮ್ಮ ಕೇರಿಗಳಲ್ಲಿ ಒಬ್ಬ ಹುಡುಗ ಸಾಹೇಬನಾದನೆಂದರೆ ಹಿರಿಯರು ಎರಡು ಮಾತು ಹೇಳುತ್ತಾರೆ. ಒಬ್ಬರು, "ಕುರ್ಚಿ ಮ್ಯಾಲ ಕುಂತೀನಿ ಅಂತ ನಮ್ಮನ್ನ ಮರೀಬ್ಯಾಡಪಾ" ಅನ್ನುತ್ತಾರೆ. ಇನ್ನೊಬ್ಬರು, "ನಮ್ಮವರು ಅಂತ ಯಾರ ಕಡೀಗೂ ವಾಲಬ್ಯಾಡ, ಹೆಸರು ಕೆಡತೈತಿ" ಅನ್ನುತ್ತಾರೆ. ಎರಡೂ ಪ್ರೀತಿಯ ಮಾತೇ. ಎರಡನ್ನೂ ಒಬ್ಬನೇ ಮನುಷ್ಯ ನಡೆಸಬಹುದೇ?

ಎರಡನೆಯ ಮಾತನ್ನು ಅಕ್ಷರಶಃ ನಡೆಸಿದವನು ಅಮೆರಿಕದ ಯಹೂದಿ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್. ದೂರದವನಲ್ಲ ಆತ, ನಮ್ಮ ಸಂವಿಧಾನದ 21ನೇ ವಿಧಿಯ ಹಿಂದೆ ಆತನ ಮಾತೂ ಇದೆ.

1882ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 12ನೇ ವಯಸ್ಸಿಗೆ ಇಂಗ್ಲಿಷಿನ ಗಂಧವಿಲ್ಲದೆ ನ್ಯೂಯಾರ್ಕಿಗೆ ಬಂದ ಹುಡುಗ. ವಕೀಲನಾಗಿ, ದುಡಿಯುವ ಹೆಂಗಸರ ಕನಿಷ್ಠ ಕೂಲಿಯ ಕಾನೂನಿನ ಪರ ವಾದಿಸಿದ. 1923ರಲ್ಲಿ ಸುಪ್ರೀಂ ಕೋರ್ಟು ಕರಾರಿನ 'ಸ್ವಾತಂತ್ರ್ಯ'ದ ಹೆಸರು ಹೇಳಿ ಆ ಕಾನೂನನ್ನೇ ಹೊಡೆದುಹಾಕಿತು. ಶಾಸನಸಭೆ ಮಾಡಿದ ಕಾನೂನಿಗೆ ನ್ಯಾಯಾಧೀಶರು ಅಡ್ಡ ಬರಬಾರದೆಂಬ ಹಟಕ್ಕೆ ಇಂಥ ಕಾರಣಗಳಿದ್ದವು. ಅದನ್ನು ಹಗುರಾಗಿ ತಗೊಳ್ಳುವಂತಿಲ್ಲ. 1951ರಲ್ಲಿ ಬಿಹಾರದ ಭೂಸುಧಾರಣೆ ಕಾನೂನನ್ನು ಪಾಟ್ನಾ ಹೈಕೋರ್ಟು ಕೆಡವಲಿಲ್ಲವೇ?

1939ರಲ್ಲಿ ಆತನೇ ಸುಪ್ರೀಂ ಕೋರ್ಟಿಗೆ ಏರಿದ. ಬಾವುಟಕ್ಕೆ ವಂದಿಸಲೊಲ್ಲದ ಯೆಹೋವನ ಸಾಕ್ಷಿಗಳ ಪಂಥದ ಇಬ್ಬರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ಸರಿಯೆಂದು 1940ರಲ್ಲಿ ತೀರ್ಪು ಬರೆದ. ಮೂರೇ ವರ್ಷಕ್ಕೆ ಕೋರ್ಟು ಆ ತೀರ್ಪನ್ನು ತಿರುಗಿಸಿತು. ಆತ ಮಾತ್ರ ಒಪ್ಪಲಿಲ್ಲ. ಎಲ್ಲರಿಗಿಂತ ಹೆಚ್ಚು ಹಿಂಸೆ ಉಂಡ ಜನಾಂಗ ತನ್ನದು, ಆದರೂ ಈ ಪೀಠದಲ್ಲಿ ತಾನು ಯಹೂದಿಯೂ ಅಲ್ಲ, ಅನ್ಯನೂ ಅಲ್ಲ ಎಂಬರ್ಥದಲ್ಲಿ ಬರೆದ. ಅದು 1943, ಯುರೋಪಿನಲ್ಲಿ ಆತನ ಜನರನ್ನು ಲಕ್ಷಗಟ್ಟಲೆ ಕೊಲ್ಲುತ್ತಿದ್ದ ವರ್ಷ.

ಎಂಥ ನಿಷ್ಪಕ್ಷಪಾತ ಅನ್ನುವವರು ಅನ್ನಲಿ. ನಾವು ಕೇಳುವುದು ಬೇರೆ: ನೋವನ್ನು ಬಾಗಿಲ ಹೊರಗೆ ಬಿಟ್ಟು ಬಂದವನ ಕೈಗೆ ಒಳಗೆ ಸಿಕ್ಕ ತಕ್ಕಡಿ ಯಾರದು? ಬಹುಮತದ್ದು. ಊರ ಬಾವಿಕಟ್ಟೆಯಲ್ಲಿ ಬಹುಮತ ಯಾರದಿರತೈತಿ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಲ್ಲೆದೆಯವನೇನಲ್ಲ ಆತ; ಆ ಕೋರ್ಟಿನಲ್ಲಿ ಕರಿಯ ಜನಾಂಗದ ಮೊದಲ ಕಾನೂನು ಸಹಾಯಕ ವಿಲಿಯಂ ಕೋಲ್ಮನ್‌ರನ್ನು 1948ರಲ್ಲಿ ತಗೊಂಡವನು ಆತನೇ. ಆದರೆ ತೀರ್ಪಿನ ಮಾತು ಬಂದಾಗ ಕೈ ಹಿಂದಕ್ಕೆ ಸರಿಯುತ್ತಿತ್ತು.

1947ರಲ್ಲಿ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನೆಗಲ್ ನರಸಿಂಗರಾಯರು ಅಮೆರಿಕಕ್ಕೆ ಹೋಗಿ ಆತನನ್ನು ಕಂಡರು. 'ಡ್ಯೂ ಪ್ರೋಸೆಸ್' ಎಂಬ ಮಾತು ನ್ಯಾಯಾಧೀಶರಿಗೆ ಕೊಡುವ ಅಧಿಕಾರ ಪ್ರಜಾಪ್ರಭುತ್ವಕ್ಕೆ ಒಪ್ಪದು ಎಂದ ಆತ. ನಮ್ಮಲ್ಲಿ ಆ ಮಾತು ಹೋಯಿತು. ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಇದ್ದರೆ ಸಾಕೆಂದಾಯಿತು. ಆ ಕಾನೂನು ನ್ಯಾಯದ್ದೇ ಎಂದು ಕೇಳಲು 1978ರ ಮೇನಕಾ ಗಾಂಧಿ ಮೊಕದ್ದಮೆಯವರೆಗೆ ಕಾಯಬೇಕಾಯಿತು. ಹೊಣೆಯನ್ನೆಲ್ಲ ಆತನ ತಲೆಗೇ ಕಟ್ಟುವುದು ತಪ್ಪು. ಜಮೀನ್ದಾರರು ಕೋರ್ಟಿಗೆ ಹೋದಾರೆಂಬ ಹೆದರಿಕೆ, ದೇಶವಿಭಜನೆಯ ಗಲಭೆ, ನಮ್ಮವರಿಗೂ ತಮ್ಮವೇ ಕಾರಣಗಳಿದ್ದವು.

ಅದೇ ಸಭೆಯಲ್ಲಿ ನೋವುಂಡ ಇನ್ನೊಬ್ಬರಿದ್ದರು. ಕೇರಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದವರಲ್ಲ ಬಾಬಾಸಾಹೇಬರು. ಆದ ಕೊರತೆಯನ್ನು ಕೊಂಚವಾದರೂ ತುಂಬಲೆಂದು 1949ರಲ್ಲಿ ಈಗಿನ 22ನೇ ವಿಧಿಯನ್ನು ತಂದರು. ಮುನ್ನೆಚ್ಚರಿಕೆ ಬಂಧನದ ತೂತು ಅದರಲ್ಲಿ ಉಳಿಯಿತು, ಅದರಿಂದ ನಮ್ಮವರು ಉಂಡದ್ದೂ ಕಮ್ಮಿಯಲ್ಲ. ಆದರೆ ಹಿಡಿದವನಿಗೆ ಕಾರಣ ಹೇಳಬೇಕು, ವಕೀಲನನ್ನು ಕಾಣಗೊಡಬೇಕು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಹಳೇ ಕಾಯ್ದೆಯಿಂದ ಸಂವಿಧಾನದೊಳಕ್ಕೆ ಬಂತು, ಯಾವ ಶಾಸನಸಭೆಯೂ ಸುಲಭಕ್ಕೆ ಕಿತ್ತುಹಾಕದಂತೆ. ಠಾಣೆಯ ಮುಂದೆ ರಾತ್ರಿಯೆಲ್ಲ ಕುಂತು ನಮ್ಮ ತಾಯಂದಿರು ಎಣಿಸುವುದು ಆ 24 ತಾಸುಗಳನ್ನೇ.