ನೆರೆಮನೆಯ ಕೆಂಡ, ನೆರೆನಾಡಿನ ಕರೆಂಟು

ಬೆಂಕಿಪೊಟ್ಟಣಕ್ಕೂ ಕಾಸು ಎಣಿಸುತ್ತಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಒಲೆ ಹಚ್ಚಲು ಪಕ್ಕದ ಮನೆಯಿಂದ ಕೆಂಡ ತರುವ ರೂಢಿಯಿತ್ತು. ಕೊಟ್ಟವರ ಒಲೆ ಅದರಿಂದ ಆರುತ್ತಿರಲಿಲ್ಲ. ಕರೆಂಟು ಹಾಗಲ್ಲ. ಅಲ್ಲಿ ಉರಿದ ಯೂನಿಟ್ಟು ಇಲ್ಲಿ ಉರಿಯುವುದಿಲ್ಲ. ಹಾಗಿದ್ದರೆ, ತನ್ನ ಹಳ್ಳಿಗಳಿಗೆ ನೆಟ್ಟಗೆ ದೀಪ ಕೊಡುವ ಮೊದಲೇ ಒಂದು ದೇಶ ಗಡಿಯಾಚೆಗೆ ವಿದ್ಯುತ್ ಮಾರುವುದು ಸರಿಯೇ?

ನೇಪಾಳದ ಉದಾಹರಣೆ ನೋಡೋಣ. 2008-09ರ ಚಳಿಗಾಲದಲ್ಲಿ ಅಲ್ಲಿ ದಿನಕ್ಕೆ 16 ಗಂಟೆ ಕತ್ತಲೆ. (ಲೋಡ್ ಶೆಡ್ಡಿಂಗ್ ಎಂದರೇನೆಂದು ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ವಿವರಿಸುವುದೇ ಕಷ್ಟ!) 2016ರಲ್ಲಿ ಬಿಹಾರದ ಮುಜಫ್ಫರ್‌ಪುರದಿಂದ ಧಲ್ಕೇಬರ್‌ಗೆ ದೊಡ್ಡ ತಂತಿಮಾರ್ಗ ಬಂತು, ಅದೇ ವರ್ಷ ದೀಪಾವಳಿಯ ಹೊತ್ತಿಗೆ ಕಠ್ಮಂಡುವಿನ ಕತ್ತಲೆ ಹೋಯಿತು. ಬರೀ ತಂತಿಯಿಂದಲೇ ಹೋದದ್ದಲ್ಲ, ಅದನ್ನೂ ಹೇಳಬೇಕು. ಮನೆಗಳು ಕತ್ತಲೆಯಲ್ಲಿದ್ದಾಗ ಕೆಲವು ಕಾರ್ಖಾನೆಗಳಿಗೆ ಹಗಲೂರಾತ್ರಿ ಕರೆಂಟು ಹೋಗುತ್ತಿತ್ತು. ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾಗಿ ಬಂದ ಕುಲಮಾನ್ ಘಿಸಿಂಗ್ ಅದಕ್ಕೆ ಕಡಿವಾಣ ಹಾಕಿದರು. ಮುಂದೆ 2024ರ ನವೆಂಬರಿನಲ್ಲಿ ಅದೇ ನೇಪಾಳ ಭಾರತದ ಗ್ರಿಡ್ ಮೂಲಕ ಮೊದಲ ಬಾರಿಗೆ ಬಾಂಗ್ಲಾದೇಶಕ್ಕೆ 40 ಮೆಗಾವ್ಯಾಟ್ ಕಳಿಸಿತು.

'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ನೇಪಾಳದ ವಿದ್ಯುದಾಗಾರಗಳಲ್ಲಿ ಹೆಚ್ಚಿನವು ನೀರನ್ನು ಕೂಡಿಡುವ ಅಣೆಕಟ್ಟುಗಳಲ್ಲ, ಹರಿಯುವ ಹೊಳೆಯಿಂದಲೇ ನಡೆಯುವಂಥವು. ಮಳೆಗಾಲದಲ್ಲಿ ಮಾರದೆ ಉಳಿಸಿದ ಯೂನಿಟ್ಟು ಉಳಿಯುವುದೇ ಇಲ್ಲ, ನೀರಾಗಿ ಹರಿದುಹೋಗುತ್ತದೆ. ಆಗ ಕೊಡುವುದು ಕೆಂಡ ಕೊಟ್ಟಂತೆಯೇ! ಚಳಿಗಾಲದಲ್ಲಿ ಹೊಳೆ ಸೊರಗಿದಾಗ ಅದೇ ತಂತಿಯಲ್ಲಿ ಭಾರತದಿಂದ ವಿದ್ಯುತ್ ವಾಪಸ್ಸು ಬರುತ್ತದೆ. ಎರಡು ಮನೆಯವರೂ ಒಬ್ಬರಿಗೊಬ್ಬರು ಆದಂತಾಯಿತು. ಹಾಗಾಗಿ ಗಡಿ ದಾಟುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ನನ್ನ ತಕರಾರು ಬೇರೆ. ಎರಡು ಮನೆಗಳ ನಡುವೆ, ತಂತಿಯ ಕೆಳಗೆ ಇರುವ ಮೂರನೆಯವನದು. 400 ಕಿಲೋವೋಲ್ಟ್ ತಂತಿ ಹಾದಲ್ಲಿ ಐವತ್ತು ಮೀಟರಿನ ಆಸುಪಾಸು ಅಗಲಕ್ಕೆ ಮನೆ ಕಟ್ಟುವಂತಿಲ್ಲ, ಎತ್ತರದ ಮರ ಬೆಳೆಸುವಂತಿಲ್ಲ. ಭಾರತದಲ್ಲಿ ಇಂಥ ಮಾರ್ಗಗಳಿಗೆ 1885ರ ಟೆಲಿಗ್ರಾಫ್ ಕಾಯಿದೆಯ ಅಧಿಕಾರ ಬಳಸುತ್ತಿದ್ದರು. ಜಮೀನು ರೈತನ ಹೆಸರಿನಲ್ಲೇ ಇರುತ್ತದೆ, ಗೋಪುರ ಅವನ ಗದ್ದೆಯಲ್ಲಿ ನಿಲ್ಲುತ್ತದೆ. ಆದರೆ ತಲೆಯ ಮೇಲಿನ ಕರೆಂಟು ಅವನದಲ್ಲ. ಅದನ್ನು ಸೀದಾ ಮನೆಗೆ ಎಳೆದುಕೊಳ್ಳಲಾಗದು. 132, 33, 11 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಒಂದೊಂದು ಮೆಟ್ಟಿಲಿಗೂ ಸಬ್‌ಸ್ಟೇಷನ್ನು, ಟ್ರಾನ್ಸ್‌ಫಾರ್ಮರು ಬೇಕು. 'ತಾಂತ್ರಿಕವಾಗಿ ಸಾಧ್ಯವಿಲ್ಲ' ಎಂದು ಇಂಜಿನಿಯರುಗಳು ಹೇಳಿದಾಗ (ನಮ್ಮ ಸಂಘದಲ್ಲಿ ಅವರಿಗೇನು ಬರವೇ?) ಅದರ ಅರ್ಥ ಎಷ್ಟೋ ಸಲ 'ಅದಕ್ಕೆ ದುಡ್ಡು ಇಟ್ಟಿಲ್ಲ' ಎಂದಷ್ಟೇ.

ಇದು ನಮಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 145 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಗಣಿ ನಡೆಸುತ್ತಿದ್ದದ್ದು ಇಂಗ್ಲಿಷ್ ಕಂಪನಿ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಹಳ್ಳಿಗಳ ಸರದಿ ಬರಲು ದಶಕಗಳೇ ಬೇಕಾದವು. ಏಷ್ಯಾದಲ್ಲೇ ಮೊದಮೊದಲಿನದು ಎಂದು ನಾವು ಇಂದಿಗೂ ಹೆಮ್ಮೆಪಡುತ್ತೇವೆ. ಹೆಮ್ಮೆ ಇರಲಿ. ಆದರೆ ದಾರಿಯುದ್ದಕ್ಕೂ ಕಂಬ ಹೊತ್ತ ಊರುಗಳ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು?

2015ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಗೋಪುರದ ಜಾಗಕ್ಕೆ ನೆಲದ ಬೆಲೆಯ ಶೇಕಡಾ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇಕಡಾ 15 ಎಂದಿತ್ತು. 2024ರಲ್ಲಿ ಅದನ್ನು 200 ಮತ್ತು 30ಕ್ಕೆ ಏರಿಸಿದರು. ಒಳ್ಳೆಯದೇ. ಆದರೂ ಇದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಲೆಕ್ಕ. ತಂತಿಯಂತೂ ಹಲವು ದಶಕ ದುಡಿಯುತ್ತಲೇ ಇರುತ್ತದೆ. ಎರಡು ಸರ್ಕಾರಗಳು ದರಕ್ಕೆ ಸಹಿ ಹಾಕುವಾಗಲೇ ಯೂನಿಟ್ಟಿಗೆ ಇಷ್ಟು ಪೈಸೆ ಎಂದು ಹಾದಿಯ ಹಳ್ಳಿಗಳ ಸಬ್‌ಸ್ಟೇಷನ್ನಿಗೆ ಎತ್ತಿಟ್ಟರೆ ಏನು ನಷ್ಟ? ಢಾಕಾದ ಗ್ರಾಹಕನಿಗೆ ಅಷ್ಟು ದುಬಾರಿಯಾಗುತ್ತದೆ ಎನ್ನುವವರಿದ್ದಾರೆ. ಆಗಲಿ. ಈಗಿನ ಅಗ್ಗದ ದರದಲ್ಲಿ ಒಂದು ಪಾಲನ್ನು ಆ ಗದ್ದೆಯವನು ಸದ್ದಿಲ್ಲದೆ ತೆರುತ್ತಲೇ ಇದ್ದಾನೆ, ಬಿಲ್ಲಿನಲ್ಲಿ ಅದು ಕಾಣುವುದಿಲ್ಲ ಅಷ್ಟೆ.