ಅದತ್ತಾದಾನವೂ ಗಣಕಯಂತ್ರದ ಅಕ್ಷರಗಳೂ

ಒಡೆಯನ ಬಳಿ ಇದ್ದ ವಸ್ತು ಇದ್ದ ಹಾಗೆಯೇ ಇದ್ದು, ಅದರ ಪ್ರತಿಯೊಂದು ಮಾತ್ರ ನಮ್ಮ ಕೈಸೇರಿದರೆ ಅದನ್ನು ಕಳವೆನ್ನಬಹುದೆ? ನಲವತ್ತು ವರ್ಷ ಧಾನ್ಯದ ವ್ಯಾಪಾರ ಮಾಡಿದ ನನಗೆ ಈ ಪ್ರಶ್ನೆ ಬಹುಕಾಲ ಎದುರಾಗಿರಲಿಲ್ಲ. ಅಂಗಡಿಯಿಂದ ಒಂದು ಚೀಲ ಜೋಳ ಹೊರಗೆ ಹೋದರೆ ದಾಸ್ತಾನಿನಲ್ಲಿ ಒಂದು ಚೀಲ ಕಡಿಮೆಯಾಗಲೇಬೇಕು. ಗಣಕಯಂತ್ರದೊಳಗಿನ ಸರಕಿಗೆ ಈ ನಿಯಮವಿಲ್ಲ. ನನ್ನನ್ನು ದಾರಿ ತಪ್ಪಿಸಿದ್ದು ಅದೇ.

ನಡೆದದ್ದು ಇಷ್ಟು. ೨೦೦೮ರಲ್ಲಿ ನಮ್ಮೂರ ಬಸದಿಯ ಪಂಚಕಲ್ಯಾಣ ಮಹೋತ್ಸವದ ಆಮಂತ್ರಣಪತ್ರಿಕೆ ಅಚ್ಚು ಹಾಕಿಸುವ ಹೊಣೆ ನನ್ನ ಪಾಲಿಗೆ ಬಂತು. ಮುದ್ರಣಾಲಯವೊಂದರಲ್ಲಿ ಕಂಡ ದುಂಡನೆಯ ಅಕ್ಷರಗಳು ಮನಸ್ಸನ್ನು ಸೆಳೆದವು. ಅಲ್ಲಿಯವರು ಸ್ನೇಹದಿಂದ ಆ ಫಾಂಟುಗಳನ್ನೂ ಅವುಗಳಲ್ಲಿ ಟೈಪು ಮಾಡುವ ತಂತ್ರಾಂಶವನ್ನೂ ಒಂದು ಸಿ.ಡಿ.ಗೆ ಇಳಿಸಿ ಕೊಟ್ಟರು. ನಾನು ಬಸದಿಯ ಕಚೇರಿಯ ಒಂದು ಗಣಕಕ್ಕೂ ನನ್ನ ಅಂಗಡಿಯ ಎರಡು ಗಣಕಗಳಿಗೂ ಅವನ್ನು ಹಾಕಿಕೊಂಡೆ. ಆ ಕೆಲಸ ಅದೆಷ್ಟು ಸುಲಭ! ಕಡತಗಳನ್ನು ವಿಂಡೋಸಿನ ಫಾಂಟ್ಸ್ ಫೋಲ್ಡರಿಗೆ ನಕಲು ಮಾಡಿದರೆ ಮುಗಿಯಿತು. ಇದನ್ನು ಕೊಂಡು ತಂದೆಯಾ, ಬೇಡಿ ತಂದೆಯಾ ಎಂದು ಯಂತ್ರ ಕೇಳುವುದಿಲ್ಲ. ಅಲ್ಲಿಂದ ೨೦೧೯ರವರೆಗೆ ದಾನಿಗಳ ಪಟ್ಟಿ, ನಿತ್ಯಪೂಜೆಯ ಶಾಶ್ವತ ನಿಧಿಯ ವಿವರ, ಸಭೆಗಳ ನಡಾವಳಿ ಎಲ್ಲವೂ ಆ ಅಕ್ಷರಗಳಲ್ಲಿಯೇ ಬರೆಯಲ್ಪಟ್ಟವು.

೨೦೨೩ರಲ್ಲಿ ಕಚೇರಿಗೆ ಹೊಸ ಗಣಕ ಬಂತು. ಹಳೆಯ ಪಟ್ಟಿಯನ್ನು ತೆರೆದು ನೋಡಿದರೆ ಕನ್ನಡವೇ ಇಲ್ಲ! ಇದಕ್ಕೆ ಕಾರಣವುಂಟು. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸುತ್ತಿದ್ದವು. ಒಟ್ಟು ಸ್ಥಾನಗಳು ಹೆಚ್ಚೆಂದರೆ ೨೫೬. ಉದಾಹರಣೆಗೆ, ನುಡಿ ತಂತ್ರಾಂಶದ ಹಳೆಯ ಸಂಕೇತಕ್ರಮದಲ್ಲಿ ಬರೆದ ‘ದಾನ’ ಎಂಬ ಪದವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಒಂದು ಝಡ್, ತಲೆಯ ಮೇಲೆ ಗೀರುಳ್ಳ ಒಂದು ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಗೀರುಳ್ಳ ಇನ್ನೊಂದು ಎ ಕಾಣುತ್ತವೆ. ಯಂತ್ರದ ನೆನಪಿನಲ್ಲಿ ಇರುವುದು ಇಷ್ಟೇ. ಕನ್ನಡವೆಂಬುದು ಫಾಂಟು ಹೊದಿಸಿದ ಬಟ್ಟೆ. ತಯಾರಕರು ಹಲವರು, ಅವರ ಸಂಕೇತಕ್ರಮಗಳೂ ಹಲವು. ನಾನು ತಂದದ್ದು ತನ್ನದೇ ಕ್ರಮದ್ದಾದುದರಿಂದ, ಅದೇ ಫಾಂಟು ಇಲ್ಲದೆ ಹನ್ನೊಂದು ವರ್ಷದ ದಾನಿಗಳ ಹೆಸರು ಓದುವಂತಿರಲಿಲ್ಲ.

ಹಳೆಯ ಸಿ.ಡಿ.ಯನ್ನು ಹುಡುಕಿ ತೆಗೆದೆ. ಫಾಂಟುಗಳ ನಡುವೆ ಒಂದು ಸಣ್ಣ ಬರೆಹದ ಕಡತವಿತ್ತು. ಹದಿನೈದು ವರ್ಷ ಅದು ಅಲ್ಲಿಯೇ ಇದ್ದರೂ ನಾನು ತೆರೆದು ನೋಡಿದ್ದು ಅಂದೇ. ಕೊಂಡವರು ಒಂದು ಗಣಕದಲ್ಲಿ ಮಾತ್ರ ಬಳಸತಕ್ಕದ್ದು, ಮತ್ತೊಬ್ಬರಿಗೆ ಪ್ರತಿ ಕೊಡತಕ್ಕದ್ದಲ್ಲ ಎಂಬುದು ಅದರ ಸಾರ. ಕೊಟ್ಟವರಿಗೇ ಕೊಡುವ ಅಧಿಕಾರವಿರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತತ್ತ್ವಾರ್ಥಸೂತ್ರವು ಕಳವನ್ನು ಅದತ್ತಾದಾನವೆಂದು, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೆಂದು ಗುರುತಿಸುತ್ತದೆ. ಒಡೆಯನಿಗೆ ನಷ್ಟವಾಯಿತೆ ಎಂಬ ಮಾತೇ ಅಲ್ಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಇನ್ನಷ್ಟು ಬಿಡಿಸಿ, ಕೊಡುವ ಕೊಳ್ಳುವ ವ್ಯವಹಾರ ಎಲ್ಲಿ ಸಾಧ್ಯವೋ ಅಲ್ಲಿ ಮಾತ್ರ ಈ ದೋಷವೆಂದೂ, ಎಲ್ಲರಿಗೂ ತೆರೆದಿಟ್ಟ ಬೀದಿ ಬಾಗಿಲುಗಳನ್ನು ಮುನಿಗಳು ಪ್ರವೇಶಿಸಿದರೆ ದೋಷವಿಲ್ಲವೆಂದೂ ವಿವರಿಸುತ್ತಾರೆ. ಜೊತೆಗೆ ಪ್ರಮಾದದ ಸಂಬಂಧವೂ ಇರಬೇಕು. ಓದದೆಯೇ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತುವ ನಮ್ಮ ಬೆರಳಿಗೆ ಪ್ರಮಾದವಲ್ಲದೆ ಬೇರೆ ಯಾವ ಹೆಸರು ಹೊಂದೀತು? ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕದ್ದ ಮಾಲನ್ನು ಸ್ವೀಕರಿಸುವುದೂ ಒಂದು, ಅಳತೆ ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದೂ ಒಂದು. ಒಂದು ಯಂತ್ರದ ಬೆಲೆಗೆ ಮೂರರಲ್ಲಿ ಬಳಸುವುದು ನನ್ನಂಥ ತಕ್ಕಡಿ ಹಿಡಿದವನ ಕಣ್ಣಿಗೆ ಕಳ್ಳ ತೂಕದ ಕಲ್ಲಿನ ಹಾಗೆಯೇ ತೋರುತ್ತದೆ. ನಾನಂತೂ ಒಂದರ ಬೆಲೆಯನ್ನೂ ಕೊಟ್ಟಿರಲಿಲ್ಲ.

ಅಕ್ಷರ ಯಾರ ಸ್ವತ್ತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ‘ಕ’ಕಾರಕ್ಕೆ ಒಡೆಯರಿಲ್ಲ. ಅಮೆರಿಕದ ಕಾನೂನಿನಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯವಿಲ್ಲ. ಆ ಆಕಾರವನ್ನು ಮೂಡಿಸುವ ಕಡತ ಮಾತ್ರ ಪ್ರೋಗ್ರಾಮಾಗಿ ರಕ್ಷಿತ. ನಮ್ಮ ದೇಶದಲ್ಲಿ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೧೯೯೪ರಲ್ಲಿ ಆದ ತಿದ್ದುಪಡಿಯು, ಅನಧಿಕೃತವೆಂದು ತಿಳಿದೂ ಪ್ರೋಗ್ರಾಮಿನ ಪ್ರತಿಯನ್ನು ಬಳಸುವುದನ್ನೇ ಅಪರಾಧವೆಂದು ಎಣಿಸಿದೆ. ಕಾನೂನು ಹಾಗಿರಲಿ. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಕನ್ನಡದ ಒಂದು ಫಾಂಟಿಗೆ ನೂರಾರು ರೂಪಗಳನ್ನು ಒಂದೊಂದಾಗಿ ಬರೆದು, ಒಂದರ ಪಕ್ಕ ಒಂದು ಹೊಂದುವಂತೆ ತಿದ್ದಬೇಕು. ಆ ಕೂಲಿಯನ್ನು ನಾನು ಕೊಟ್ಟಿರಲಿಲ್ಲವೆಂಬುದೇ ನನಗೆ ಮುಖ್ಯವಾಗಿ ಕಂಡದ್ದು.

ಟ್ರಸ್ಟಿನ ಸಭೆಯಲ್ಲಿ ವಿಷಯವನ್ನು ಮುಂದಿಟ್ಟೆ. ಹಿರಿಯರೊಬ್ಬರು ನಕ್ಕು, “ಸಾಹುಕಾರರೇ, ಅವರ ಗಂಟೇನು ಹೋಯಿತು? ಬಳಸಿದ್ದು ಬಸದಿಯ ಕೆಲಸಕ್ಕಲ್ಲವೆ? ದಾನಿಗಳ ಹಣ ಉಳಿಯಿತಲ್ಲ!” ಎಂದರು. ನನ್ನನ್ನು ಕಳೆದ ಹದಿನೈದು ವರ್ಷ ನಿಶ್ಚಿಂತೆಯಿಂದ ಇರಿಸಿದ್ದು ಇದೇ ವಾದ. ಆದರೆ ದೇವರ ಮುಂದೆ ಇಡುವ ಅಕ್ಷತೆಯನ್ನು ನೆರೆಯವನ ಕಣಜದಿಂದ ತಂದರೆ ನಾವು ಒಪ್ಪುತ್ತೇವೆಯೆ? ಬಸದಿಯ ಹೆಸರು ಹೇಳಿದ ಮಾತ್ರಕ್ಕೆ ಕೊಡದಿದ್ದುದು ಕೊಟ್ಟದ್ದಾಗದು. ಉಳಿದದ್ದು ದಾನಿಗಳ ಹಣವಲ್ಲ, ಫಾಂಟು ಮಾಡಿದವರಿಗೆ ಸಲ್ಲಬೇಕಾದ ಹಣ. ಇನ್ನೊಬ್ಬರ ಆಕ್ಷೇಪ ಹೆಚ್ಚು ಗಟ್ಟಿಯಾಗಿತ್ತು: ಫಾಂಟನ್ನು ತೆಗೆದುಹಾಕಿದರೆ ದಾನಿಗಳ ದಾಖಲೆಯೇ ಹೋಗುತ್ತದೆ, ಅದಕ್ಕೆ ಯಾರು ಹೊಣೆ? ಇದಕ್ಕೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ.

ತಯಾರಕರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆ ಹಳೆಯ ಆವೃತ್ತಿಯ ಮಾರಾಟ ನಿಂತಿದೆಯೆಂದೂ, ಹೊಸದನ್ನು ಕೊಂಡರೆ ಹಳೆಯದರ ಬಳಕೆಗೂ ತಮ್ಮ ಒಪ್ಪಿಗೆಯಿದೆಯೆಂದೂ ಉತ್ತರ ಬಂತು. ಮೂರು ಗಣಕಗಳ ಬೆಲೆಯನ್ನು ನಾನೇ ಕಟ್ಟಿದೆ. ತಂದವನು ನಾನು, ಟ್ರಸ್ಟಲ್ಲ. ಹದಿನೈದು ವರ್ಷದ ಬಡ್ಡಿಯ ಮಾತನ್ನು ಅವರು ಎತ್ತಲಿಲ್ಲ. ವಾಣಿಜ್ಯ ಓದಿದ ನನಗೆ ಅದು ಇಂದಿಗೂ ಬಾಕಿಯೆಂದೇ ತೋರುತ್ತದೆ.

ಕೊಟ್ಟೇ ಇಟ್ಟ ಅಕ್ಷರಗಳೂ ಉಂಟು ಎಂಬುದು ಈ ಪ್ರಯಾಸದಲ್ಲಿ ತಿಳಿಯಿತು. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಗೃಹಸ್ಥನಿಗೆ ಬಾವಿಯ ನೀರಿನಂಥವುಗಳಲ್ಲಿ ಮಾತ್ರ ಸಡಿಲಿಕೆ ಕೊಟ್ಟಿದ್ದಾರಷ್ಟೆ. ನೋಟೋ ಸಾನ್ಸ್ ಕನ್ನಡ, ಟೀರೋ ಕನ್ನಡ, ಬಾಲೂ ತಮ್ಮ ಮೊದಲಾದ ಫಾಂಟುಗಳು ಊರ ಬಾವಿಯ ಹಾಗೆ. ಇವುಗಳಿಗಿರುವ ಮುಕ್ತ ಫಾಂಟ್ ಪರವಾನಗಿಯ ೧.೧ನೆಯ ಆವೃತ್ತಿ ೨೦೦೭ರಲ್ಲಿ ಹೊರಬಂತು. ಎಷ್ಟು ಗಣಕಗಳಿಗಾದರೂ ಹಾಕಬಹುದು, ಅಚ್ಚು ಹಾಕಿಸಬಹುದು, ಹಂಚಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ, ತಿದ್ದಿದರೆ ಕಾಯ್ದಿರಿಸಿದ ಮೂಲ ಹೆಸರನ್ನು ಇಡುವಂತಿಲ್ಲ. ಇವು ಯೂನಿಕೋಡನ್ನು ಅನುಸರಿಸುವುದರಿಂದ ಇನ್ನೊಂದು ಉಪಕಾರವೂ ಇದೆ. ಅಲ್ಲಿ ಕನ್ನಡಕ್ಕೆಂದೇ ೧೨೮ ಸ್ಥಾನಗಳನ್ನು ಕಾಯ್ದಿಟ್ಟಿದ್ದು, ‘ಕ’ಕಾರದ ಸಂಖ್ಯೆ ಎಲ್ಲ ಯಂತ್ರಗಳಲ್ಲಿಯೂ ೩೨೨೧ ಆಗಿರುತ್ತದೆ. ಬಟ್ಟೆ ಬದಲಾದರೂ ಮೈ ಕನ್ನಡದ್ದೇ.

ಈಗ ನಮ್ಮ ಕಚೇರಿಯಲ್ಲಿ ಫಾಂಟುಗಳಿಗೂ ಒಂದು ದಾಸ್ತಾನು ಪುಸ್ತಕವಿದೆ. ಹೆಸರು, ಎಲ್ಲಿಂದ ಬಂತು, ಯಾವ ಪರವಾನಗಿ, ಎಷ್ಟು ಗಣಕಕ್ಕೆ, ಯಾವ ದಾಖಲೆಗಳಲ್ಲಿ ಬಳಕೆ ಎಂಬ ಕಲಮುಗಳು. ರಸೀದಿಯನ್ನೂ ಪರವಾನಗಿಯ ಮುದ್ರಿತ ಪ್ರತಿಯನ್ನೂ ಅದರಲ್ಲಿಯೇ ಅಂಟಿಸಿದ್ದೇವೆ. ಸಿ.ಡಿ.ಯಲ್ಲಿ ಬಂದಿದ್ದ ಉಳಿದ ಫಾಂಟುಗಳನ್ನು, ಕೆಲವು ಬಹಳ ಚೆಲುವಾದವು, ತೆಗೆದುಹಾಕಿದ್ದಾಯಿತು.

ಹಳೆಯ ಪಟ್ಟಿಗಳನ್ನು ಯೂನಿಕೋಡಿಗೆ ತರುವ ಕೆಲಸ ಇನ್ನೂ ಮುಗಿದಿಲ್ಲ. ಪರಿವರ್ತಕ ತಂತ್ರಾಂಶ ಬಹುಪಾಲನ್ನು ಸರಿಯಾಗಿ ತರುತ್ತದೆ, ಅರ್ಕಾವತ್ತಿನಲ್ಲಿ ಮಾತ್ರ ಎಡವುತ್ತದೆ. ಹಳೆಯ ಕ್ರಮದಲ್ಲಿ ಅದು ಅಕ್ಷರದ ನಂತರ ಕುಳಿತಿರುತ್ತದೆ, ಯೂನಿಕೋಡಿನಲ್ಲಿ ಅದರ ರೇಫ ಮೊದಲು ಬರಬೇಕು. ಹೀಗಾಗಿ ‘ಧರ್ಮ’ವು ‘ಧಮ೯’ ಆಗಿ, ಹೆಸರಿನ ಕೊನೆಗೆ ಒಂಬತ್ತೊಂದು ಅಂಟಿಕೊಳ್ಳುತ್ತದೆ. ಪಕ್ಕದ ಕಲಮಿನಲ್ಲಿಯೇ ದಾನದ ಮೊತ್ತವಿರುವ ಪುಸ್ತಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದುದರಿಂದ ಪ್ರತಿ ಭಾನುವಾರ ಅಭಿಷೇಕದ ನಂತರ ನಾವು ಇಬ್ಬರು ಕುಳಿತು, ಒಬ್ಬರು ಹಳೆಯ ರಸೀದಿ ಪುಸ್ತಕವನ್ನು ಓದುತ್ತ, ಇನ್ನೊಬ್ಬರು ಪರದೆಯನ್ನು ನೋಡುತ್ತ, ಹೆಸರು ಹೆಸರಾಗಿ ತಾಳೆ ಹಾಕುತ್ತಿದ್ದೇವೆ. ೨೦೧೪ರ ಪಟ್ಟಿ ನಡೆಯುತ್ತಿದೆ.