ಕುಲುಮೆಯಿಂದ ಬಂದ ಹೆಸರು

ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮನೆಗಳಿಗಿರುವ ಅಡ್ಡಹೆಸರು ಸ್ಮಿತ್. ಅದರ ಅರ್ಥ ತಿಳಿಯಲು ರಾಯಚೂರು ಸೀಮೆಯ ಚಂದ್ರಬಂಡಾದವರಿಗೆ ನಿಘಂಟು ಬೇಕಿಲ್ಲ. ಸ್ಮಿತ್ ಎಂದರೆ ಕಮ್ಮಾರ. ರಾಯಚೂರು, ಮಾನ್ವಿ, ದೇವದುರ್ಗದ ಶಾಲೆಗಳ ಹಾಜರಿ ಪುಸ್ತಕದಲ್ಲಿ ಬಡಿಗೇರ, ಪತ್ತಾರ, ಕುಂಬಾರ, ಹೂಗಾರರ ಜೊತೆ ಆ ಹೆಸರೂ ಇರುತ್ತದೆ.

ಕಮ್ಮಾರ ಎಂಬ ನಮ್ಮ ಈ ಮಾತು ಬಹಳ ಹಳೆಯದು. ಋಗ್ವೇದದಲ್ಲಿ ಅದು ಕರ್ಮಾರ, ಪಾಲಿಯಲ್ಲಿ ಕಮ್ಮಾರ. ಬುದ್ಧನಿಗೆ ಕೊನೆಯ ಊಟ ಬಡಿಸಿದ ಚುಂದ ಕಮ್ಮಾರರ ಮಗನೇ. ಗಡಿ ದಾಟಿ ತೆಲುಗು ಸೀಮೆಗೆ ಹೋದರೂ ಕಮ್ಮರಿ ಅಂದರೆ ಸಾಕು.

ಇಂಗ್ಲೆಂಡಿನಲ್ಲಿ ಸ್ಮಿತ್‌ಗಳು ಅಷ್ಟೊಂದು ಯಾಕೆ? ಕುಲುಮೆಯಿಲ್ಲದೆ ಊರು ನಡೆಯುತ್ತಿರಲಿಲ್ಲ. ಇಲ್ಲಿಯೂ ಹಾಗೇ ಇತ್ತು. ಮುಂಗಾರಿಗೆ ಮೊದಲು ಕುಳ ಹಣಿಸಲು ರೈತರು ಸರದಿ ಕಾಯುತ್ತಿದ್ದರು. ಬಂಡಿಗಾಲಿಗೆ ಹಳಿ ಹಾಕುವ ದಿನವಂತೂ ಹುಡುಗರಿಗೆ ಹಬ್ಬ: ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ, ನೀರು ಸುರಿದರೆ ಅದು ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಕೂಲಿ ರೊಕ್ಕವಲ್ಲ, ಸುಗ್ಗಿಯಲ್ಲಿ ಕಣದಿಂದ ಅಳೆದುಕೊಡುವ ಆಯದ ಜೋಳ.

ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ಹೆಸರುಗಳು ತಂದೆಯಿಂದ ಮಕ್ಕಳಿಗೆ ಇಳಿದು ನಿಂತವು. ಮಗ ನೇಕಾರನಾದರೂ ಸ್ಮಿತ್ ಆಗಿಯೇ ಉಳಿದ. ಇಂದು ಆ ಹೆಸರು ಕೇಳಿದವರು ಅಜ್ಜ ಏನು ಮಾಡುತ್ತಿದ್ದನೆಂದು ಕೇಳುವುದಿಲ್ಲ. ನಮ್ಮಲ್ಲಿ ಹೆಸರು ಹೇಳುವ ಮೊದಲೇ "ಯಾರ ಪೈಕಿ?" ಎಂಬ ಪ್ರಶ್ನೆ ಬರುತ್ತದೆ. ಟ್ರ್ಯಾಕ್ಟರ್ ಬಂದು ಕುಲುಮೆ ಆರಿತು, ಪ್ರಶ್ನೆ ಆರಲಿಲ್ಲ. ಅದಕ್ಕೆ ಅಂಜಿ ಅಡ್ಡಹೆಸರು ಬಿಟ್ಟು ಊರಿನ ಮೊದಲಕ್ಷರ ಹಚ್ಚಿಕೊಳ್ಳುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಪ್ಪು ಅವರದಲ್ಲ, ಕೇಳುವವರದು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಕಮ್ಮಾರರ ಮನೆಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಆ ಹೆಸರನ್ನು ಬಿಡಲಿಲ್ಲ. 2010ನೇ ಸಾಲಿನ ಜ್ಞಾನಪೀಠ ಆ ಹೆಸರಿಗೇ ಬಂತು.

ಹಾಜರಿ ಕೂಗುವಾಗ ಕಮ್ಮಾರ ಎಂಬ ಹೆಸರು ಬಂದರೆ, ಮೇಷ್ಟ್ರು ಒಂದು ದಿನ ತಿದಿ, ಅಡಿಗಲ್ಲು, ಇಕ್ಕಳದ ಬಗ್ಗೆ ಪಾಠ ಮಾಡಲಿ. ಆ ಮಗುವಿನ ಅಜ್ಜ ಇದ್ದರೆ ಅವರನ್ನೇ ಕರೆಸಿ, ಕಬ್ಬಿಣದ ಯಾವ ಬಣ್ಣಕ್ಕೆ ಎಂಥ ಪೆಟ್ಟು ಎಂದು ಅವರ ಬಾಯಿಂದಲೇ ಕೇಳಲಿ.